ಅರ್ಧ ಅಬ್ಬಿ

ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದರೆ, ಕಾಫಿ ಲೋಟ ಕೆಳಗಿಡುವ ಮೊದಲೇ ಒಂದು ಮಾತು ಕೇಳಿಬಿಡುತ್ತಾರೆ. “ಹುಡುಗ ದೊಡ್ಡಬ್ಬಿ ನೋಡಿದ್ದಾನಾ?” ನನ್ನ ವಿಷಯದಲ್ಲಿ ಈ ಪ್ರಶ್ನೆ ಬಂದಾಗ ನಮ್ಮ ಸೋದರತ್ತೆ ಎದೆಯ ಮೇಲೆ ಕೈಯಿಟ್ಟು, “ಅಯ್ಯೋ, ನಮ್ಮ ಶಾಂತಕುಮಾರ ಆ ದಿಕ್ಕಿಗೆ ತಿರುಗಿ ಕೂತವನೂ ಅಲ್ಲ” ಎಂದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಲ್ಲಿ ಉಪ್ಪಿಟ್ಟಿತ್ತು. ನುಂಗಿಕೊಂಡು ಸುಮ್ಮನಾದೆ. ಆ ಒಂದು ತುತ್ತು ಉಪ್ಪಿಟ್ಟು ಇಪ್ಪತ್ತಮೂರು ವರ್ಷ ನನ್ನ ಗಂಟಲಲ್ಲೇ ಕೂತಿತ್ತು ಎಂದರೆ ನೀವು ನಂಬಬೇಕು.

ಊರಿಂದ ಹೊರಟ ಹಳೇ ರಸ್ತೆಯಲ್ಲಿ ನೋಡತಕ್ಕ ಜಾಗಗಳು ಮೂರಿವೆ. ಮೊದಲು ಕನ್ನಡಿಕೆರೆ, ಆಮೇಲೆ ದೊಡ್ಡಬ್ಬಿ ಎಂಬ ಜಲಪಾತ, ಅದನ್ನು ದಾಟಿದರೆ ಗಾಳಿಗುಡ್ಡ. ಮೂರೂ ಒಬ್ಬೊಬ್ಬರಿಗೆ ಒಂದೊಂದೇ ಸಲ ಕಾಣುತ್ತವೆ. ಎರಡನೇ ಸಲ ಹೋದರೆ ಕೆರೆಯ ಜಾಗದಲ್ಲಿ ಮುಳ್ಳುಗಿಡದ ಬಯಲು, ಅಬ್ಬಿಯ ಜಾಗದಲ್ಲಿ ಒಣಗಿದ ಕರೀ ಬಂಡೆ, ಗುಡ್ಡದ ತುದಿಯಲ್ಲಿ ತಂತಿ ಬೇಲಿ. ಬಸ್ ಸ್ಟ್ಯಾಂಡಿನ ಹಿಂದಿರುವ ಚರಂಡಿಗೆ ಈ ಕಟ್ಟಳೆ ಇಲ್ಲ. ಅದು ಯಾರಿಗೆ ಎಷ್ಟು ಸಲ ಬೇಕಾದರೂ ಕಾಣುತ್ತದೆ.

ಹೀಗಾಗಿ ನಮ್ಮ ಜನ ಕಣ್ಣಿನ ವಿಷಯದಲ್ಲಿ ಬಹಳ ಜಿಪುಣರು. ಹಳೇ ರಸ್ತೆಯಲ್ಲಿ ಹೋಗುವಾಗ, ಇನ್ನೂ ನೋಡದವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೈಕಿನ ಹಿಂದೆ ಕೂರುತ್ತಾರೆ. ಮುಂದೆ ಕೂತು ಓಡಿಸುವವರು ‘ಮುಗಿದವರು’, ಅಂದರೆ ಮೂರನ್ನೂ ನೋಡಿ ಮುಗಿಸಿದವರು. ಊರಿನಲ್ಲಿ ಅವರನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಕನಿಕರ, ಆದರೆ ರಸ್ತೆಗೆ ಇಳಿಯುವಾಗ ಅವರಿಲ್ಲದೆ ಒಂದು ಹೆಜ್ಜೆಯೂ ಸಾಗುವುದಿಲ್ಲ. ನನ್ನದು ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಉಳಿದ ರೆಕ್ಸಿನ್ ತುಂಡುಗಳಲ್ಲಿ ಕಣ್ಣುಪಟ್ಟಿ ಹೊಲಿಯುತ್ತೇನೆ, ಒಳಗಡೆ ಮೆತ್ತಗಿನ ಸ್ಪಂಜು, ಹಿಂದೆ ಎಲಾಸ್ಟಿಕ್. ಊರಿನ ಅರ್ಧ ಜನ ನನ್ನ ಪಟ್ಟಿ ನಂಬಿಕೊಂಡೇ ಅಬ್ಬಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಥವನು ನಾನು.

ಅಬ್ಬಿಯದು ಮಾತ್ರ ಇನ್ನೊಂದು ಪದ್ಧತಿ. ಅದನ್ನು ಗಂಡ ಹೆಂಡತಿ ಒಟ್ಟಿಗೆ ನೋಡಬೇಕು. ಕೈ ಕೈ ಹಿಡಿದು ನಿಂತು, ಸೀಟಿ ಊದಿದ ಕೂಡಲೇ ಇಬ್ಬರೂ ಪಟ್ಟಿ ತೆಗೆಯಬೇಕು. ಇದಕ್ಕೆ ಜೋಡಿನೋಟ ಎನ್ನುತ್ತಾರೆ. ಜೋಡಿನೋಟ ಆದವರ ಸಂಸಾರದಲ್ಲಿ ಜಗಳವೇ ಇರುವುದಿಲ್ಲ ಎಂದೇನೂ ಇಲ್ಲ, ನಾನೇ ಎಷ್ಟೋ ಬಿಡಿಸಿದ್ದೇನೆ. ಆದರೂ ಜಗಳದ ನಡುವೆ ಒಬ್ಬರು “ಅವತ್ತು ಅಬ್ಬಿ ಮುಂದೆ ಹೇಗೆ ನಿಂತಿದ್ರಿ, ನೆನಪಿದೆಯಾ?” ಅಂದರೆ ಇನ್ನೊಬ್ಬರ ದನಿ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಾನು ಅಬ್ಬಿ ನೋಡಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಗೆಳೆಯ ತಿಪ್ಪೇಶ ಆಗಷ್ಟೇ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದ. ಯಾರದೋ ಬೈಕ್ ರಿಪೇರಿ ಮಾಡಿ, ಓಡಿಸಿ ನೋಡಬೇಕು ಬಾ ಎಂದು ನನ್ನನ್ನೂ ಕೂರಿಸಿಕೊಂಡು ಹಳೇ ರಸ್ತೆಗೆ ಬಿಟ್ಟ. ಅಬ್ಬಿಯ ತಿರುವಿನಲ್ಲೇ ಪೆಟ್ರೋಲ್ ಮುಗಿಯಿತು. ನೀರಿನ ಸದ್ದು ಕೇಳುತ್ತಿತ್ತು. ಕಣ್ಣು ಮುಚ್ಚಿಕೊಳ್ಳಲು ಸಮಯವೇ ಸಿಗಲಿಲ್ಲ ಎಂದು ತಿಪ್ಪೇಶ ಈಗಲೂ ಹೇಳುತ್ತಾನೆ. ಸುಳ್ಳು. ಬೇಕಾದಷ್ಟು ಸಮಯವಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಆಮೇಲೆ ಅಬ್ಬಿಯ ಕಡೆ ತಿರುಗಿದೆವು. ಯಾರಾದರೂ ಬಂದುಬಿಟ್ಟಾರೆಂಬ ಭಯದಲ್ಲಿ ಅರೆಬರೆ ನೋಡಿ ಬೈಕ್ ತಳ್ಳಿಕೊಂಡು ಓಡಿದೆವು. ಮೂರು ಸೀಳಾಗಿ ನೀರು ಬೀಳುತ್ತಿತ್ತು ಎಂಬುದು ಬಿಟ್ಟರೆ ನನಗೆ ಹೆಚ್ಚು ನೆನಪಿಲ್ಲ.

ಇತ್ತ ನನ್ನ ಹೆಂಡತಿ ಪ್ರಭಾವತಿಯ ಕಥೆ ಕೇಳಿ. ಹೈಸ್ಕೂಲಿನಲ್ಲಿ ಪ್ರವಾಸ ಕರೆದುಕೊಂಡು ಹೋದಾಗ ಅವಳ ತರಗತಿಯ ಅರ್ಧ ಹುಡುಗಿಯರು ಪಟ್ಟಿ ಸರಿಸಿ ಅಬ್ಬಿ ನೋಡಿಬಿಟ್ಟರಂತೆ. ಇವಳು ಪಟ್ಟಿಯ ಮೇಲೆ ಕರ್ಚೀಫು, ಕರ್ಚೀಫಿನ ಮೇಲೆ ಎರಡು ಕೈ ಇಟ್ಟುಕೊಂಡು ಕೂತಳಂತೆ. “ಯಾರೋ ಒಬ್ರು ಬರ್ತಾರಲ್ಲ, ಅವ್ರ ಜೊತೆ ನೋಡೋಣ ಅಂತ” ಎಂದು ಮದುವೆಯ ಹೊಸತರಲ್ಲಿ ಹೇಳಿದ್ದಳು. ಆ ಯಾರೋ ಒಬ್ಬರು ನಾನೇ. ಅದನ್ನು ಕೇಳಿದ ದಿನವೇ ನಿಜ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಇಂಥ ವಿಷಯದಲ್ಲಿ ಒಂದು ನಾಳೆ ತಪ್ಪಿದರೆ ಮುಂದಿನದು ಇನ್ನೂ ಕಷ್ಟ.

ಅಲ್ಲಿಂದ ಶುರುವಾದವು ನನ್ನ ನೆಪಗಳು. ಮಳೆಗಾಲದಲ್ಲಿ ರಸ್ತೆ ಜಾರುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ. ಚಳಿಗಾಲದಲ್ಲಿ ಮದುವೆ ಸೀಸನ್, ಹೊಸ ಬೈಕುಗಳು ಬರುತ್ತವೆ, ಅಂಗಡಿ ಮುಚ್ಚುವಂತಿಲ್ಲ. ಮದುವೆಯಾದ ವರ್ಷ ಅವಳು ಬಹಳ ಬಲವಂತ ಮಾಡಿದಾಗ, “ಅಬ್ಬಿ ಕೊನೆಗಿರಲಿ, ಮೊದಲು ಗಾಳಿಗುಡ್ಡ ನೋಡಿಬಿಡೋಣ” ಎಂದು ಕರೆದುಕೊಂಡು ಹೋದೆ. ಅಬ್ಬಿಯ ಮುಂದೆಯೇ ಹಾದು ಹೋಗಬೇಕಲ್ಲ, ನಾನೂ ಶಿಸ್ತಾಗಿ ಪಟ್ಟಿ ಕಟ್ಟಿಕೊಂಡು ಬೇರೆಯವರ ಬೈಕಿನ ಹಿಂದೆ ಕೂತೆ. ಪಟ್ಟಿ ಕಟ್ಟಿಕೊಂಡವರೆಲ್ಲ ಕಿರುಚಿ ಕಿರುಚಿ ಮಾತಾಡುತ್ತಿದ್ದರು. ಕಣ್ಣು ಕಟ್ಟಿದರೆ ಜನ ಹಾಗೆಯೇ ಮಾತಾಡುವುದು ಎಂದುಕೊಂಡೆ. ಗುಡ್ಡದ ಮೇಲೆ ಹೋದ ಮೇಲೆ ಉಪ್ಪಿನಕಾಯಿ ಡಬ್ಬಿಯ ವಿಷಯಕ್ಕೆ ನಮ್ಮಿಬ್ಬರಿಗೂ ಸಣ್ಣ ಜಗಳವಾಯಿತು, ಗುಡ್ಡ ಅಷ್ಟು ರುಚಿಸಲಿಲ್ಲ.

ನಮ್ಮೂರಿನಲ್ಲಿ ವರ್ಷಕ್ಕೊಂದು ಸಲ ಬೈಕ್ ಪ್ರವಾಸ ಹೊರಡಿಸುವವರು ಹಾಲಪ್ಪ ಮೇಷ್ಟ್ರು. ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಕೊರಳಲ್ಲಿ ಜನಿವಾರದಷ್ಟೇ ಖಾಯಂ ಆಗಿ ಸೀಟಿ ನೇತಾಡುತ್ತಿರುತ್ತದೆ. ಹೋದ ವರ್ಷಕ್ಕೆ ಹಿಂದಿನ ವರ್ಷ ಅವರು ಹೆಸರು ಬರೆದುಕೊಳ್ಳಲು ಅಂಗಡಿಗೆ ಬಂದಾಗ ನಾನು ಹೊಲಿಗೆ ಯಂತ್ರದ ಕೆಳಗೆ ಬಗ್ಗಿದ್ದೆ. ಊಟ ತಂದಿದ್ದ ಪ್ರಭಾವತಿ ನನ್ನ ತಲೆಯ ಮೇಲಿಂದಲೇ ಹೇಳಿದಳು. “ಬರ್ಕೊಳ್ಳಿ ಮೇಷ್ಟ್ರೇ. ಜೋಡಿನೋಟ. ನಾನು, ಇವ್ರು.”

“ಅಂಗಡಿ…” ಎಂದೆ ನಾನು ಕೆಳಗಿನಿಂದ.

“ಅಂಗಡಿ ಇಪ್ಪತ್ತಮೂರು ವರ್ಷದಿಂದ ಎಲ್ಲೂ ಓಡ್ಹೋಗಿಲ್ಲ ಕಣ್ರೀ. ನಂಗೆ ಮಂಡಿ ಹಿಡ್ಕೊಳ್ತಿದೆ. ಬಂಡೆ ಹತ್ತೋ ಶಕ್ತಿ ಇರೋವಾಗ್ಲೇ ನೋಡ್ಬೇಕು” ಎಂದಳು. ಮೇಷ್ಟ್ರು ಬರೆದುಕೊಂಡು, ಸಂತೋಷಕ್ಕೆ ಒಂದು ಸಲ ಸೀಟಿ ಊದಿ ಹೋದರು.

ನಾನು ಅಂದು ಸಂಜೆಯೇ ತಿಪ್ಪೇಶನ ಗ್ಯಾರೇಜಿಗೆ ಓಡಿದೆ. ನನ್ನ ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಅವನಿಗೆ ಮದುವೆಯಾಗಿರಲಿಲ್ಲ, ಹಾಗಾಗಿ ಮುಗಿದವನು ಎಂದು ರಾಜಾರೋಷವಾಗಿ ಹೇಳಿಕೊಂಡು ಓಡಾಡುತ್ತಿದ್ದ. ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಳ್ಳುತ್ತಾ ಯೋಚನೆ ಮಾಡಿದ.

“ನೋಡೋ ಶಾಂತ, ಸುಲಭ ಇದೆ. ಪಟ್ಟಿ ತೆಗ್ದ ತಕ್ಷಣ ಬಾಯಿ ತೆರ್ಕೊಂಡು ನಿಂತ್ಕೋ. ಎಲ್ಲಾರೂ ಹಂಗೇ ನಿಲ್ಲೋದು. ಆಮೇಲೆ ‘ಆಹಾ’ ಅನ್ನು. ಮೂರು ಸೀಳು ಅನ್ನು.”

“ಅಲ್ಲಿ ಹನಿ ಸಿಡಿಯುತ್ತಲ್ಲ. ನೋಡಿದವರ ಮೈಗೆ ಅದು ಎರಡನೇ ಸಲ ತಾಗೋದಿಲ್ಲ. ಅವಳು ತೊಪ್ಪೆಯಾಗಿ ನಿಂತಿರ್ತಾಳೆ, ನಾನು ಹಪ್ಪಳದ ಹಾಗೆ ಗರಿಗರಿ.”

“ಜೇಬಲ್ಲಿ ಒಂದು ಬಾಟ್ಲಿ ನೀರಿಟ್ಕೋ. ಅವ್ರು ಅಬ್ಬಿ ನೋಡ್ತಿರೋವಾಗ ತಲೆಗೆ ಚಿಮುಕಿಸ್ಕೋ. ಯಾರು ನಿನ್ನ ನೋಡ್ತಾರೆ?” ಎಂದ. ನನಗೂ ಸರಿಯೆನಿಸಿತು. ಇಬ್ಬರು ಮುಗಿದವರು ಕೂತು ಮಾಡಿದ ಉಪಾಯದಲ್ಲಿ ಏನು ಬಿಟ್ಟುಹೋಗಿರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊರಟ ದಿನ ಬೆಳಗ್ಗೆ ಐದು ಬೈಕು. ಮುಂದೆ ಮೇಷ್ಟ್ರು, ಹಿಂದೆ ಸಾಲಾಗಿ ನಾವು. ಬಲಕ್ಕೆ ತಿರುಗಲು ಒಂದು ಸೀಟಿ, ಎಡಕ್ಕೆ ಎರಡು, ಎಮ್ಮೆ ಅಡ್ಡ ಬಂದರೆ ಉದ್ದನೆಯದು. ದಾರಿಯಲ್ಲಿ ಎಮ್ಮೆಗಳೇ ಹೆಚ್ಚು ಬಂದಿದ್ದರಿಂದ ಮೇಷ್ಟ್ರಿಗೆ ಉಸಿರು ಸಾಲಲಿಲ್ಲ. ರಸ್ತೆಯ ಎರಡೂ ಕಡೆ ಹುಣಸೆಮರಗಳು, ಅವುಗಳ ಸಂದಿಯಲ್ಲಿ ಹುಚ್ಚೆಳ್ಳಿನ ಹಳದಿ ಹೊಲ. ಪ್ರಭಾವತಿ ನನ್ನ ಹಿಂದೆ ಕೂತು ಸಣ್ಣಗೆ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ್ದು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

ಕನ್ನಡಿಕೆರೆಯ ಬಳಿ ಚಿತ್ರಾನ್ನ ತಿನ್ನಲು ನಿಂತೆವು. ಕೆರೆಯನ್ನು ನಾನೂ ಪ್ರಭಾವತಿಯೂ ಚಿಕ್ಕಂದಿನಲ್ಲೇ ನೋಡಿ ಮುಗಿಸಿದ್ದೆವು. ಅವತ್ತು ಕೆರೆ ನೋಡುವ ಸರದಿ ತುಂಗಕ್ಕನದು. ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ವಯಸ್ಸು ಅರವತ್ತೆರಡು, ಮೂರು ನೋಟಗಳನ್ನೂ ಹಾಗೇ ಉಳಿಸಿಕೊಂಡ ಊರಿನ ಏಕೈಕ ಹೆಂಗಸು. ಮುಗಿದವರೆಲ್ಲ ತಟ್ಟೆ ಹಿಡಿದುಕೊಂಡು ಅವರ ಸುತ್ತ ಸೇರಿದರು. ತಮಗೆ ಇನ್ನು ಕಾಣದ್ದನ್ನು ಬೇರೆಯವರ ಬಾಯಿಂದ ಕೇಳುವುದು ಅವರಿಗೊಂದು ಚಟ. ತುಂಗಕ್ಕ ಪಟ್ಟಿ ತೆಗೆದರು. ಸೊಂಟದ ಮೇಲೆ ಕೈಯಿಟ್ಟು, ರೋಗಿಯನ್ನು ನೋಡುವ ಹಾಗೆ ಕೆರೆಯನ್ನು ಮೇಲಿಂದ ಕೆಳಗೆ ನೋಡಿದರು.

“ಹೇಗಿದೆ ತುಂಗಕ್ಕ?” ಮೇಷ್ಟ್ರ ದನಿಯೇ ನಡುಗುತ್ತಿತ್ತು.

“ಕೆರೆ ಕಣ್ರೀ. ನೀರಿದೆ” ಎಂದರು ತುಂಗಕ್ಕ. “ಚಿತ್ರಾನ್ನಕ್ಕೆ ಉಪ್ಪು ಯಾರು ಹಾಕಿದ್ದು?”

ಅಬ್ಬಿಗೆ ಒಂದು ತಿರುವು ಮೊದಲು ಪಟ್ಟಿಕಟ್ಟೆ ಎಂಬ ಜಾಗವಿದೆ. ಅರಳೀಮರದ ಕೆಳಗಿನ ಕಟ್ಟೆ. ನೋಡದವರು ತಮ್ಮ ಬೈಕು ಅಲ್ಲಿ ನಿಲ್ಲಿಸಿ, ಪಟ್ಟಿ ಕಟ್ಟಿಕೊಂಡು, ಮುಗಿದವರ ಹಿಂದೆ ಕೂರುವುದು ಅಲ್ಲಿಯೇ. ನಾನು ತಿಪ್ಪೇಶನ ಹಿಂದೆ ಕೂತೆ, ಪ್ರಭಾವತಿ ಮೇಷ್ಟ್ರ ಹಿಂದೆ, ತುಂಗಕ್ಕ ಅಬ್ಬಿಯನ್ನು ಇನ್ನೂ ಖರ್ಚು ಮಾಡಲು ಮನಸ್ಸಿಲ್ಲದೆ ಪಟ್ಟಿ ಬಿಗಿದುಕೊಂಡು ಇನ್ನೊಬ್ಬರ ಹಿಂದೆ. ಬೈಕು ಹೊರಟವು. ಸ್ವಲ್ಪ ಹೊತ್ತಿಗೆ ಪ್ರಭಾವತಿ ಕೂಗಿದಳು. “ರೀ, ಕೇಳಿಸ್ತಿದೆಯಾ? ಅಯ್ಯೋ ದೇವ್ರೇ, ಎಷ್ಟು ಜೋರಾಗಿದೆ!”

ನನಗೆ ಬೈಕಿನ ಸದ್ದು ಬಿಟ್ಟರೆ ಒಂದು ನೊಣದ ಸದ್ದೂ ಇರಲಿಲ್ಲ. “ಹೂಂ, ಹೂಂ, ಕೇಳಿಸ್ತಿದೆ” ಎಂದೆ. ಅವಳಿಂದ ಮಾತಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಬಂಡೆಯ ಮೇಲೆ ನಮ್ಮಿಬ್ಬರನ್ನೂ ಕೈಹಿಡಿದು ನಿಲ್ಲಿಸಿದರು. ಅವಳ ಅಂಗೈ ಬೆವರಿತ್ತು, ನನ್ನದು ಇನ್ನೂ ಹೆಚ್ಚು. ಮೇಷ್ಟ್ರು ಒಂದು, ಎರಡು, ಮೂರು ಎಣಿಸಿ ಸೀಟಿ ಊದಿದರು. ನಾನು ಪಟ್ಟಿ ಕಿತ್ತೆ. ಎದುರಿಗೆ ಕರೀ ಬಂಡೆ. ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಾ ಕೂತಿತ್ತು. ತಿಪ್ಪೇಶ ಹೇಳಿಕೊಟ್ಟ ಹಾಗೆ ಬಾಯಿ ತೆರೆದೆ. “ಆಹಾ, ಏನು ಚೆಂದ ಪ್ರಭಾ! ನೋಡು, ಮೂರು ಸೀಳು!” ಎಂದೆ. ಒಂದು ಕೈಯಲ್ಲಿ ಬಾಟಲಿ ತೆಗೆದು ತಲೆಯ ಮೇಲೆ ಚಿಮುಕಿಸಿಕೊಂಡೆ. ಸ್ವಲ್ಪ ಹೆಚ್ಚೇ ಬಿತ್ತು, ನೀರು ಕಾಲರಿನೊಳಗೆ ಇಳಿಯಿತು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಆಗ ನಾನು ಹೆಂಡತಿಯ ಕಡೆ ತಿರುಗಿದೆ.

ಅವಳು ಪಟ್ಟಿಯನ್ನೇ ತೆಗೆದಿರಲಿಲ್ಲ. ಕಣ್ಣು ಕಟ್ಟಿಕೊಂಡೇ, ಮುಖವೆಲ್ಲ ಹನಿಹನಿಯಾಗಿ, ನನ್ನ ಕೈ ಹಿಡಿದು ನಿಂತಿದ್ದಳು.

“ಏನೋ ಅಂದ್ರಾ?” ಎಂದು ಕಿರುಚಿದಳು. ನನ್ನ ಕಿವಿ ಗುಂಯ್ ಎಂದಿತು. “ಈ ಸದ್ದಲ್ಲಿ ಏನೂ ಕೇಳಿಸಲ್ಲ ಕಣ್ರೀ! ಜೋರಾಗಿ ಹೇಳಿ!”

ಆಗ ಹೊಳೆಯಿತು ನನ್ನ ಮಂದ ಬುದ್ಧಿಗೆ. ಅಬ್ಬಿ ಕಾಣುವವರ ಕಿವಿಯಲ್ಲಿ ಅಬ್ಬಿ ಭೋರ್ಗರೆಯುತ್ತಿರುತ್ತದೆ. ಅಲ್ಲಿ ಯಾರೂ ಕೂಗದೆ ಮಾತಾಡುವುದಿಲ್ಲ. ನಾನೊಬ್ಬನೇ ಅಂಗಡಿಯಲ್ಲಿ ಗಿರಾಕಿಗೆ ರೆಕ್ಸಿನ್ ತೋರಿಸುವ ದನಿಯಲ್ಲಿ ಆಹಾ ಎನ್ನುತ್ತಿದ್ದೆ. ಇನ್ನೂ ಸುಳ್ಳು ಹೇಳಬಹುದಿತ್ತು. ಕೂಗಿ ಹೇಳಿದರೆ ಮುಗಿಯುತ್ತಿತ್ತು. ಆದರೆ ಕಣ್ಣು ಕಟ್ಟಿಕೊಂಡು, ನನ್ನ ಕೈ ಬಿಡದೆ, ನನ್ನ ಕಡೆಗೇ ಕಿವಿ ಕೊಟ್ಟು ನಿಂತಿದ್ದ ಆ ಮುಖ ನೋಡಿದ ಮೇಲೆ ನನ್ನಿಂದಾಗಲಿಲ್ಲ.

“ನಾನು ನೋಡಿಬಿಟ್ಟಿದ್ದೀನಿ!” ಎಂದು ಕೂಗಿದೆ.

“ಏನು?”

“ಮದುವೆಗೆ ಮುಂಚೇನೇ ನೋಡಿದ್ದೀನಿ! ಹತ್ತೊಂಬತ್ತನೇ ವಯಸ್ಸಲ್ಲಿ! ನಂಗೆ ಬರೀ ಬಂಡೆ ಕಾಣ್ತಿದೆ!”

“ಕೇಳಿಸ್ತಿಲ್ಲ! ಇನ್ನೊಂದ್ಸಲ ಹೇಳಿ!”

“ನಾನು ಸುಳ್ಳು ಹೇಳ್ದೆ ಪ್ರಭಾ! ಇಪ್ಪತ್ತಮೂರು ವರ್ಷದಿಂದ ಸುಳ್ಳು ಹೇಳ್ತಿದ್ದೀನಿ! ತಪ್ಪಾಯ್ತು!”

“ಇನ್ನೂ ಜೋರಾಗಿ!”

ಮೂರು ಸಲ ಕೂಗಿಸಿದಳು. ನನ್ನ ಗಂಟಲು ಹರಿದುಹೋಯಿತು. ಮೇಷ್ಟ್ರು, ತಿಪ್ಪೇಶ, ಉಳಿದ ಮುಗಿದವರು ಎಲ್ಲರೂ ನಿಶ್ಶಬ್ದದಲ್ಲಿ ನಿಂತಿದ್ದವರು, ಅವರಿಗೆ ಮೊದಲನೇ ಸಲವೇ ಅಕ್ಷರ ಬಿಡದೆ ಕೇಳಿತ್ತು. ತಿಪ್ಪೇಶ ಮೆಲ್ಲಗೆ ಬೈಕಿನ ಹಿಂದೆ ಸರಿದ. ಏನೂ ಕೇಳಿಸದೆ, ಏನೂ ಕಾಣದೆ ಚಡಪಡಿಸುತ್ತಿದ್ದವರು ತುಂಗಕ್ಕ ಒಬ್ಬರೇ. “ಏನಾಯ್ತು? ಯಾರಾದ್ರೂ ಬಿದ್ರಾ?” ಎಂದು ಕೈ ಚಾಚಿ ತಡಕಾಡುತ್ತಿದ್ದರು. ಮೇಷ್ಟ್ರು ಅವರ ಕಿವಿಗೆ ಬಾಯಿಟ್ಟು, ಶಾಲೆಯ ಮೈದಾನದಲ್ಲಿ ಆಜ್ಞೆ ಕೊಡುವ ದನಿಯಲ್ಲಿ ಕೂಗಿದರು. “ಯಾರೂ ಬಿದ್ದಿಲ್ಲ ತುಂಗಕ್ಕ! ಶಾಂತ ಅಬ್ಬಿ ನೋಡಿದ್ದಾನಂತೆ! ಮದುವೆಗೆ ಮುಂಚೇನೇ!” ತುಂಗಕ್ಕ “ಅಷ್ಟೇನಾ” ಎಂದು ಬಂಡೆಯ ಮೇಲೆ ಕೂತರು.

ಪ್ರಭಾವತಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಕಿವಿಯ ಪಕ್ಕದಲ್ಲೇ ಕೂಗಿದಳು. “ನಂಗೆ ಗೊತ್ತಿತ್ತು!”

“ಯಾವಾಗಿಂದ?”

“ಗಾಳಿಗುಡ್ಡಕ್ಕೆ ಹೋದ ವರ್ಷದಿಂದ! ಮೇಲೆ ಹೋದ್ಮೇಲೆ ನನ್ಮೇಲೆ ರೇಗಿದ್ರಿ! ದಾರೀಲಿ ಮೂರು ಸಲ ಉಪ್ಪಿನಕಾಯಿ ಡಬ್ಬಿ ಎಲ್ಲಿ ಅಂತ ಕೇಳ್ದೆ, ಒಂದು ಉತ್ತರ ಕೊಡೋಕಾಗಲ್ವಾ ಅಂದ್ರಿ! ದಾರೀಲಿ ನಂಗೆ ಏನೂ ಕೇಳಿಸದೆ ಇದ್ದಿದ್ದು ಅಬ್ಬಿ ಮುಂದೆ ಮಾತ್ರ! ಅಲ್ಲಿ ಯಾರಾದ್ರೂ ಉಪ್ಪಿನಕಾಯಿ ಡಬ್ಬಿ ಅಂತ ಮೆಲ್ಲಗೆ ಕೇಳ್ತಾರೇನ್ರೀ? ಅವತ್ತೇ ಗೊತ್ತಾಯ್ತು, ಈ ಮನುಷ್ಯನಿಗೆ ಸದ್ದು ಕೇಳಿಸ್ತಿಲ್ಲ ಅಂತ!”

“ಮತ್ತೆ ಮೂರು ಸಲ ಯಾಕೆ ಕೂಗಿಸ್ದೆ?”

“ಇಪ್ಪತ್ತಮೂರು ವರ್ಷ ಕಾದಿದ್ದೀನಿ! ಒಂದೇ ಸಲ ಕೇಳಿದ್ರೆ ಸಾಕಾ ನಂಗೆ?”

ಅವಳ ಗಲ್ಲದ ಮೇಲೆ ಇಳಿಯುತ್ತಿದ್ದುದು ಹನಿಯೋ ಇನ್ನೇನೋ, ಪಟ್ಟಿಯ ಕೆಳಗೆ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ನಾನು ಹೇಳಲಿ ಎಂದು ಕಾದಳಲ್ಲ, ಒಂದು ದಿನವೂ ಚುಚ್ಚಲಿಲ್ಲವಲ್ಲ ಎಂದು ನಾಚಿಕೆಯಾಯಿತು. “ನೀನು ತೆಗೀಬೇಡ, ಮನೆಗೆ ಹೋಗೋಣ ನಡಿ. ನಿನ್ನ ತಂಗಿ ಜೊತೇಲೋ, ಯಾರ ಜೊತೇಲೋ ನೋಡುವೆಯಂತೆ” ಎಂದು ಕೂಗಿದೆ.

“ಯಾರ ಜೊತೆ ನೋಡ್ಬೇಕು ಅಂತ ನಾನು ಹೈಸ್ಕೂಲಲ್ಲೇ ತೀರ್ಮಾನ ಮಾಡಿದ್ದೀನಿ! ಸುಮ್ನೆ ಕೈ ಹಿಡ್ಕೊಂಡು ನಿಂತ್ಕೊಳ್ಳಿ!” ಎಂದಳು. ಪಟ್ಟಿ ತೆಗೆದಳು.

ಹತ್ತು ನಿಮಿಷ ನೋಡಿರಬೇಕು. ನನಗೆ ಕಂಡದ್ದು ಅವಳ ಮುಖ ಮಾತ್ರ. ಒಂದು ಸಲ ನಕ್ಕಳು. ಒಂದು ಸಲ ನನ್ನ ಕೈ ಗಟ್ಟಿಯಾಗಿ ಹಿಸುಕಿದಳು. ಕೂದಲಿನಿಂದ ನೀರು ಸುರಿಯುತ್ತಿತ್ತು, ಕಣ್ಣು ಮಿಟುಕಿಸಲಿಲ್ಲ. ಮುಗಿದವರೆಲ್ಲ ಅವಳ ಬಾಯಿಂದ ಒಂದು ಮಾತು ಬಿದ್ದೀತೇ ಎಂದು ಕೊರಳು ಚಾಚಿ ನಿಂತಿದ್ದರು. ಬೀಳಲಿಲ್ಲ. ಕೊನೆಗೆ ಅವಳು ಒದ್ದೆ ಪಟ್ಟಿಯನ್ನು ಮಡಚಿ ನನ್ನ ಅಂಗಿಯ ಜೇಬಿನಲ್ಲಿಟ್ಟಳು. ಅವಳಿಂದ ಬಂದದ್ದಕ್ಕೋ ಏನೋ, ಆ ನೀರು ಜೇಬಿನಿಂದ ಇಳಿದು ನನ್ನ ಎದೆಗೆ ತಣ್ಣಗೆ ತಾಗಿತು.

ವಾಪಸು ಬರುವಾಗ ಹುಣಸೆಮರದ ಸಾಲಿನಲ್ಲಿ ಕೇಳಿಯೇಬಿಟ್ಟೆ. “ಹೇಗಿತ್ತು?”

“ನೀವು ನೋಡಿದ್ದೀರಲ್ಲ” ಎಂದಳು ಹಿಂದಿನಿಂದ. ಊರು ಬರುವವರೆಗೆ ಗುನುಗುತ್ತಲೇ ಇದ್ದಳು.

ಮೂರು ವಾರ ಅಬ್ಬಿಯ ಮಾತೇ ಬರಲಿಲ್ಲ. ಒಂದು ಭಾನುವಾರ ನಾನಾಗಿಯೇ ಅಟ್ಟ ಗುಡಿಸಿದೆ. ಯಾರೂ ಹೇಳಿರಲಿಲ್ಲ. ಸ್ನಾನ ಮಾಡಿ ಊಟಕ್ಕೆ ಕೂತಾಗ ಪ್ರಭಾವತಿ ಸಾರು ಬಡಿಸುತ್ತಾ, ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದಳು. “ಬಲಗಡೆ ಒಂದು ಸಣ್ಣ ಅತ್ತಿಗಿಡ ಇತ್ತು. ನೀರಿನ ಒಳಗೇ ಬೆಳೆದಿತ್ತು.” ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಎಷ್ಟು ದೊಡ್ಡದು? ಎಲೆ ಇತ್ತಾ?” ಎಂದೆ. “ಇವತ್ತಿಗೆ ಇಷ್ಟು” ಎಂದು ಸಾರಿನ ಪಾತ್ರೆ ಮುಚ್ಚಿದಳು.

ಅಂದಿನಿಂದ ಹೀಗೆಯೇ ನಡೆದಿದೆ. ನಾನು ಸರಿಯಾಗಿದ್ದ ದಿನ ಒಂದು ತುಣುಕು ಸಿಗುತ್ತದೆ. ನೀರಿನ ಹಿಂದೆ ಗೂಡು ಕಟ್ಟಿದ ಹಕ್ಕಿ ಸಿಕ್ಕಿದ್ದು ಅವಳ ತಂಗಿಯ ಮನೆಗೆ ಮುಖ ಸಿಂಡರಿಸದೆ ಹೋಗಿ ಬಂದದ್ದಕ್ಕೆ. ತಳದಲ್ಲಿ ಹಸಿರು ಬಣ್ಣದ ಸುಳಿ ಸಿಕ್ಕಿದ್ದು ಅವಳ ಮಂಡಿಗೆ ಎಣ್ಣೆ ತಿಕ್ಕಿದ್ದಕ್ಕೆ. ಮೂರು ಸೀಳು ಇರಲೇ ಇಲ್ಲವಂತೆ, ಒಂದೇ ಅಗಲವಾದ ಪರದೆಯಂತೆ. ನಾನು ಕಂಡ ಅಬ್ಬಿಯಲ್ಲಿ ಇದೊಂದೂ ಇರಲಿಲ್ಲ. ಅವಳು ಕಟ್ಟಿ ಹೇಳುತ್ತಿದ್ದಾಳೋ ಎಂದು ತಿಪ್ಪೇಶನಿಗೆ ಅನುಮಾನ. ನನಗಿಲ್ಲ, ಅನುಮಾನ ಪಡಲು ನನಗೆಲ್ಲಿಯ ಮುಖ? ಎರಡು ವರ್ಷದಲ್ಲಿ ಅಂದಾಜು ಅರ್ಧ ಅಬ್ಬಿ ಸಿಕ್ಕಿದೆ. ಹತ್ತೊಂಬತ್ತರಲ್ಲಿ ಕದ್ದು ನೋಡಿದ್ದಕ್ಕಿಂತ ಈ ಅರ್ಧವೇ ಚೆನ್ನಾಗಿದೆ.

ನಿನ್ನೆ ಅವಳ ಮನಸ್ಸು ಬಹಳ ಪ್ರಸನ್ನವಾಗಿತ್ತು. ಅವರೆಕಾಳು ಬಿಡಿಸುತ್ತಾ ಕೂತವಳು ತಾನಾಗಿಯೇ ಹೇಳಿದಳು. “ಮೇಲೆ ತುದೀಲಿ ನೀರು ಒಂದು ಚೂರು ನಿಲ್ಲತ್ತೆ ಕಣ್ರೀ. ಬೀಳೋದಕ್ಕೆ ಮುಂಚೆ. ಬೀಳ್ಲೋ ಬೇಡ್ವೋ ಅಂತ ಯೋಚನೆ ಮಾಡೋ ಹಾಗೆ.”

“ಆಮೇಲೆ?” ಎಂದೆ.

ಅವಳು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನ ಪಾಲಿನ ನೀರು ಈಗ ಅಲ್ಲೇ ತುದಿಯಲ್ಲಿ ನಿಂತಿದೆ. ನಾಳೆ ಭಾನುವಾರ, ಅಟ್ಟ ಗುಡಿಸುತ್ತೇನೆ.